ತಂತಿ ತಲಪದ ಹೊಲದಲ್ಲಿ ಸ್ವಾವಲಂಬಿ ಗೃಹ: ಕಟ್ಟುವುದಕ್ಕೆ ಮುಂಚೆ ಹಾಕತಕ್ಕ ಲೆಕ್ಕಗಳು

(ವ್ಯವಸಾಯದ ಇನ್‌ಸ್ಪೆಕ್ಟರೊಬ್ಬರಿಂದ)

ವ್ಯವಸಾಯಗಾರನು ತನ್ನ ಹೊಲದಲ್ಲಿಯೇ ವಾಸಮಾಡುವುದರಿಂದಾಗುವ ಪ್ರಯೋಜನಗಳು ನಮ್ಮ ಹಿರಿಯರಿಗೆ ತಿಳಿಯದವುಗಳಲ್ಲ. "ತಾನು ಮಾಡುವುದು ಉತ್ತಮ, ಮಗ ಮಾಡುವುದು ಮಧ್ಯಮ, ಆಳು ಮಾಡುವುದು ಹಾಳು" ಎಂಬ ಗಾದೆಯನ್ನು ಕೇಳದವರಿಲ್ಲ. ಬೆಳೆಯ ಮೇಲೆ ಕಣ್ಣು, ದನಗಳ ಮೇಲೆ ಕಣ್ಣು, ಸಗಣಿ ಗಂಜಲಗಳು ದಾರಿಯಲ್ಲಿ ನಷ್ಟವಾಗದೆ ಗುಂಡಿಗೆ ಸೇರುವುದು, ಇವೆಲ್ಲವೂ ಹೊಲಮನೆಯಿಂದ ಆಗತಕ್ಕ ಲಾಭಗಳು. ಆದರೂ ನಮ್ಮ ಬಯಲುಸೀಮೆಯ ರೈತರು ಬಹುಕಾಲದಿಂದ ಊರಿನಲ್ಲಿಯೇ ಒತ್ತಾಗಿ ಮನೆಗಳನ್ನು ಕಟ್ಟಿಕೊಂಡು, ದಿನವೂ ಹೊಲಕ್ಕೆ ಹೋಗಿ ಬರುವುದನ್ನೇ ರೂಢಿಮಾಡಿಕೊಂಡಿರುತ್ತಾರೆ. ಕಳ್ಳಕಾಕರ ಭಯವೊಂದು ಕಾರಣ. ಕುಡಿಯುವ ನೀರಿನ ಅಭಾವವು ಅದಕ್ಕಿಂತಲೂ ದೊಡ್ಡ ಕಾರಣ.

ಈಚಿನ ವರ್ಷಗಳಲ್ಲಿ ಪಟ್ಟಣಗಳಲ್ಲಿ ಉದ್ಯೋಗ ಮಾಡುತ್ತಿದ್ದ ಕೆಲವು ತರುಣ ದಂಪತಿಗಳು ಪಿತ್ರಾರ್ಜಿತವಾದ ಭೂಮಿಗೆ ಹಿಂದಿರುಗಿ, ವಿದ್ಯುತ್ತಿನ ತಂತಿಯಾಗಲಿ ನಲ್ಲಿಯಾಗಲಿ ಇಲ್ಲದ ಹೊಲಗಳಲ್ಲಿ ಮನೆಗಳನ್ನು ಕಟ್ಟಲು ಉದ್ಯುಕ್ತರಾಗುತ್ತಿರುವುದು ಕಂಡುಬರುತ್ತಿದೆ. ಇದು ಸಂತೋಷಕರವಾದ ವಿಷಯವೇ ಸರಿ. ಆದರೆ ಇಂಥವರು ಸಾಮಾನ್ಯವಾಗಿ ಅನುಸರಿಸುವ ಕ್ರಮವು ತಲೆಕೆಳಗಾದುದು. ಮೊದಲು ಮನೆಯ ನಕ್ಷೆ, ಅನಂತರ ಗೋಡೆ, ಅನಂತರ ಚಾವಣಿ. ಇವೆಲ್ಲವೂ ಮುಗಿದು ಕೈಯಲ್ಲಿದ್ದ ಹಣವು ತೀರಿದ ಮೇಲೆ ನೀರಿನ ಯೋಚನೆ. ಆಗ ಸಾಲ ಮಾಡಿ ಕೊಳವೆಬಾವಿಯನ್ನು ಕೊರೆಯಿಸುತ್ತಾರೆ. ಅದು ಬತ್ತಿದ್ದಾಗಿರಬಹುದು, ಇಲ್ಲವೆ ಅದರ ನೀರು ಕುಡಿಯಲು ಯೋಗ್ಯವಾಗಿಲ್ಲದಿರಬಹುದು. ಹತ್ತು ವರ್ಷಗಳ ಉಳಿತಾಯವು ಒಂದೇ ಬೇಸಗೆಯಲ್ಲಿ ಕರಗಿಹೋಗಿ, ಕುಟುಂಬವು ಮನೆಗೆ ಬೀಗ ಹಾಕಿ ಪಟ್ಟಣಕ್ಕೆ ಮರಳಬೇಕಾಗುವುದು. ಇಂಥವರು ಮೊದಲು ಸಲಹೆ ಕೇಳುವುದು ಗ್ರಾಮದ ಮುಖಂಡರನ್ನೂ ನೆರೆಯ ಜಮೀನುದಾರರನ್ನೂ ಆದುದರಿಂದ, ಯಾವ ಲೆಕ್ಕಗಳನ್ನು ಯಾವ ಕ್ರಮದಲ್ಲಿ ಹಾಕಬೇಕೆಂಬುದನ್ನು ಇಲ್ಲಿ ವಿವರಿಸಲಾಗಿದೆ.

ಮುಖ್ಯ ತತ್ವವು ಒಂದೇ. ಸರಾಸರಿಯನ್ನು ನಂಬಿ ಮನೆ ಕಟ್ಟತಕ್ಕದ್ದಲ್ಲ. ಮಳೆ ಅರ್ಧವಾದ ವರ್ಷವನ್ನೂ, ಬಿಸಿಲು ಕಡಿಮೆಯಾದ ತಿಂಗಳನ್ನೂ, ಹಸು ಗಬ್ಬವಾಗಿ ಹಾಲು ಬತ್ತಿದ ಕಾಲವನ್ನೂ ಎದುರಿಗಿಟ್ಟುಕೊಂಡು ಲೆಕ್ಕ ಹಾಕತಕ್ಕದ್ದು. ಖರ್ಚನ್ನು ಮೊದಲು ತಗ್ಗಿಸಿ, ಸಂಪಾದನೆಯನ್ನು ಆಮೇಲೆ ಹೆಚ್ಚಿಸಬೇಕು.

ಉದಾಹರಣೆಗೆ ಪಾವಗಡ, ಚಳ್ಳಕೆರೆ, ಮೊಳಕಾಲ್ಮೂರು ಮುಂತಾದ ತಾಲ್ಲೂಕುಗಳ ಖುಷ್ಕಿ ಭೂಮಿಯನ್ನು ತೆಗೆದುಕೊಳ್ಳೋಣ. ಇಲ್ಲಿ ವರ್ಷಕ್ಕೆ ಬೀಳುವ ಮಳೆಯು ಸುಮಾರು ೪೫೦ ರಿಂದ ೬೦೦ ಮಿಲಿಮೀಟರು ಮಾತ್ರ. ಬಿಸಿಲಿಗಾದರೋ ಕೊರತೆಯಿಲ್ಲ, ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತಲೂ ರೈತರಿಂದ ಸುಮಾರು ೧೩,೦೦೦ ಎಕರೆ ಭೂಮಿಯನ್ನು ಗುತ್ತಿಗೆಗೆ ಪಡೆದು, ೨೦೧೮-೧೯ ರಲ್ಲಿ ೨,೦೫೦ ಮೆಗಾವಾಟು ಸಾಮರ್ಥ್ಯದ ಸೌರವಿದ್ಯುತ್ ಸ್ಥಾವರವನ್ನು ಸ್ಥಾಪಿಸಿರುವುದೇ ಇದಕ್ಕೆ ಸಾಕ್ಷಿ. ಇಂಥ ಸೀಮೆಯಲ್ಲಿ ಐದೆಕರೆ ಕೆಂಪುಮಣ್ಣಿನ ಹೊಲವುಳ್ಳ ಕುಟುಂಬವೊಂದನ್ನು ಭಾವಿಸೋಣ. ಗಂಡ, ಹೆಂಡತಿ, ಇಬ್ಬರು ಚಿಕ್ಕ ಮಕ್ಕಳು, ವೃದ್ಧೆಯಾದ ತಾಯಿ, ಹೀಗೆ ಐದು ಮಂದಿ. ಎರಡು ಹಸುಗಳು, ಒಂದು ಕರು.

೧. ಕುಡಿಯುವ ನೀರಿನ ಲೆಕ್ಕ

ಕುಡಿಯುವುದಕ್ಕೂ ಅಡಿಗೆಗೂ ತಲೆಯೊಂದಕ್ಕೆ ದಿನಕ್ಕೆ ೧೦ ಲೀಟರಿನಂತೆ ಐದು ಮಂದಿಗೆ ೫೦ ಲೀಟರು; ವರ್ಷಕ್ಕೆ ೧೮,೨೫೦ ಲೀಟರು. ಇದನ್ನು ಕೊಳವೆಬಾವಿಯಿಂದ ತೆಗೆಯುವುದಕ್ಕೆ ಮುಂಚೆ ಒಂದು ವಿಷಯವನ್ನು ತಿಳಿಯುವುದು ಅವಶ್ಯಕ. ಪಾವಗಡದ ಸೀಮೆಯಲ್ಲಿ ಅನೇಕ ಬಾವಿಗಳ ನೀರಿನಲ್ಲಿ ಫ್ಲೋರೈಡ್ ಎಂಬ ಲವಣಾಂಶವು ಮಿತಿಮೀರಿ ಇರುತ್ತದೆ. ಲೀಟರಿಗೆ ೧.೫ ಮಿಲಿಗ್ರಾಮಿಗೆ ಮೀರಿದ ಫ್ಲೋರೈಡ್ ಉಳ್ಳ ನೀರನ್ನು ಕುಡಿಯಕೂಡದು. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಚಿಕ್ಕಂದಿನಿಂದ ಇಂಥ ನೀರನ್ನು ಕುಡಿದ ಮಕ್ಕಳ ಹಲ್ಲುಗಳಲ್ಲಿ ಕಂದುಬಣ್ಣದ ಕಲೆಗಳು ನಿಲ್ಲುವುವು. ಅನೇಕ ವರ್ಷ ಕುಡಿದವರ ಬೆನ್ನು ಮೂಳೆಗಳೂ ಕೀಲುಗಳೂ ಬಿಗಿದು ನಡು ಬಾಗುವುದು. ನೀರನ್ನು ಕಾಯಿಸುವುದರಿಂದ ಕ್ರಿಮಿಗಳು ಸಾಯುವುವೇ ಹೊರತು ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದುದರಲ್ಲಿ ಅದರ ಪ್ರಮಾಣವು ಹೆಚ್ಚುವುದು. ಆದಕಾರಣ ಬಾವಿಯ ನೀರನ್ನು ಪರೀಕ್ಷೆ ಮಾಡಿಸದೆ ಮಕ್ಕಳಿಗೆ ಕುಡಿಯಲು ಕೊಡತಕ್ಕದ್ದಲ್ಲ.

ಮಳೆಯ ನೀರಿನಲ್ಲಿ ಈ ದೋಷವಿಲ್ಲ. ಒಂದು ಚದರ ಮೀಟರು ಚಾವಣಿಯ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಒಂದು ಲೀಟರು ನೀರಾಗುವುದು. ಈ ಒಂದು ಸೂತ್ರವನ್ನು ಜ್ಞಾಪಕದಲ್ಲಿಟ್ಟರೆ ಉಳಿದುದೆಲ್ಲವೂ ಸುಲಭ. ಚಾವಣಿಯು ೧೦೦ ಚದರ ಮೀಟರು (ಸುಮಾರು ೧,೦೭೫ ಚದರಡಿ) ಇದ್ದು, ೫೦೦ ಮಿಲಿಮೀಟರು ಮಳೆ ಬಿದ್ದರೆ ೫೦,೦೦೦ ಲೀಟರು. ಚೆಲ್ಲಿದುದು, ಹೀರಿದುದು, ಆವಿಯಾದುದು ಎಂದು ಐದರಲ್ಲೊಂದು ಪಾಲನ್ನು ಕಳೆದರೆ ೪೦,೦೦೦ ಲೀಟರು ಕೈಸೇರುವುದು. ಮಳೆ ಅರ್ಧವಾದ ವರ್ಷದಲ್ಲಿಯೂ ೨೦,೦೦೦ ಲೀಟರು ದೊರೆಯುವುದರಿಂದ, ಕುಡಿಯುವ ನೀರಿನ ಮಟ್ಟಿಗೆ ಈ ಕುಟುಂಬವು ನಿರ್ಭಯವಾಗಿರಬಹುದು.

ತೊಟ್ಟಿಯ ಗಾತ್ರವನ್ನು ನಿರ್ಧರಿಸುವುದು ವರ್ಷದ ಒಟ್ಟು ಮಳೆಯಲ್ಲ, ಮಳೆಯಿಲ್ಲದ ದಿನಗಳ ಸಂಖ್ಯೆ. ಈ ಸೀಮೆಯಲ್ಲಿ ಹಿಂಗಾರು ಮುಗಿದ ಮೇಲೆ ಮುಂದಿನ ಮುಂಗಾರಿನವರೆಗೆ ಸುಮಾರು ೧೮೦ ದಿನಗಳನ್ನು ಒಣದಿನಗಳೆಂದೇ ಎಣಿಸತಕ್ಕದ್ದು. ೧೮೦ ದಿನಗಳಿಗೆ ೯,೦೦೦ ಲೀಟರು ಬೇಕು. ಮುಂಗಾರು ತಡವಾದರೆ, ಮನೆಗೆ ನೆಂಟರು ಬಂದರೆ ಎಂದು ಯೋಚಿಸಿ ೧೫,೦೦೦ ಲೀಟರಿನ ತೊಟ್ಟಿಯನ್ನು ಕಟ್ಟುವುದು ಕ್ಷೇಮ. ೩ ಮೀಟರು ವ್ಯಾಸ, ೨.೧ ಮೀಟರು ಆಳವುಳ್ಳ ದುಂಡುತೊಟ್ಟಿಯು ಸುಮಾರು ಇಷ್ಟು ನೀರನ್ನು ಹಿಡಿಯುವುದು.

ಇದರಲ್ಲಿ ಗಮನಿಸತಕ್ಕ ಅಂಶಗಳು ನಾಲ್ಕು. ಮೊದಲನೆಯದು, ಚಾವಣಿಯ ಬಗೆ. ನಮ್ಮ ಹಳೆಯ ಮಣ್ಣಿನ ಮಾಳಿಗೆಯು ತಂಪಾಗಿರುವುದು ನಿಜ. ಆದರೆ ಅದರಿಂದ ಇಳಿಯುವ ನೀರು ಕೆಸರು. ಹುಲ್ಲಿನ ಚಾವಣಿಯೂ ಕೆಲಸಕ್ಕೆ ಬಾರದು. ಹೆಂಚು, ಗಚ್ಚು, ಸಂದುಗಳನ್ನು ಚೆನ್ನಾಗಿ ಮುಚ್ಚಿದ ಕಲ್ಲುಚಪ್ಪಡಿ, ಇವು ಯೋಗ್ಯವಾದವು. ಎರಡನೆಯದು, ಮೊದಲ ಮಳೆಯ ನೀರು. ಚಾವಣಿಯ ಧೂಳು ಮತ್ತು ಹಕ್ಕಿಯ ಹಿಕ್ಕೆಗಳನ್ನು ತೊಳೆದು ಬರುವ ಮೊದಲ ೨ ಮಿಲಿಮೀಟರು, ಎಂದರೆ ೨೦೦ ಲೀಟರು ನೀರನ್ನು ಹೊರಗೆ ಬಿಡಲು ಬೇರೆ ಕೊಳವೆಯಿರಬೇಕು. ಮೂರನೆಯದು, ನೀರು ಜಲ್ಲಿ ಮರಳುಗಳ ಶೋಧಕದ ಮೂಲಕವೇ ತೊಟ್ಟಿಗೆ ಇಳಿಯಬೇಕು. ನಾಲ್ಕನೆಯದು, ತೊಟ್ಟಿಯೊಳಕ್ಕೆ ಬೆಳಕಾಗಲಿ ಸೊಳ್ಳೆಯಾಗಲಿ ಪ್ರವೇಶಿಸಕೂಡದು. ಬೆಳಕು ಬಿದ್ದರೆ ಪಾಚಿ, ಸೊಳ್ಳೆ ಹೊಕ್ಕರೆ ಜ್ವರ. ವರ್ಷಕ್ಕೊಮ್ಮೆ, ಮುಂಗಾರಿಗೆ ಮುಂಚೆ, ತೊಟ್ಟಿಯನ್ನು ತೊಳೆದು, ಕುಡಿಯುವ ನೀರನ್ನು ಕಾಯಿಸಿ ಆರಿಸಿ ಉಪಯೋಗಿಸುವುದು ಉತ್ತಮ.

೨. ಬಳಕೆಯ ನೀರು ಮತ್ತು ಹೊಂಡ

ಸ್ನಾನ, ಬಟ್ಟೆ, ಪಾತ್ರೆ, ಶೌಚ ಇವುಗಳಿಗೆ ತಲೆಗೆ ೪೫ ಲೀಟರಿನಂತೆ ೨೨೫ ಲೀಟರು. ಎರಡು ಹಸು ಒಂದು ಕರುವಿಗೆ ೧೨೦ ಲೀಟರು. ಒಟ್ಟು ದಿನಕ್ಕೆ ೩೪೫ ಲೀಟರು. ಒಣಗಾಲದ ೧೮೦ ದಿನಗಳಿಗೆ ೬೨,೦೦೦ ಲೀಟರಿಗೆ ಮೇಲಾಗುವುದು. ಚಾವಣಿಯ ನೀರು ಇದಕ್ಕೆ ಸಾಲದು. ಹೊಲದ ಮೇಲೆ ಹರಿದುಹೋಗುವ ನೀರನ್ನು ಹೊಂಡದಲ್ಲಿ ತಡೆಯಬೇಕು. ೨೦೧೪ ರಲ್ಲಿ ಸರ್ಕಾರದವರು ಕೃಷಿಭಾಗ್ಯ ಯೋಜನೆಯನ್ನು ಪ್ರಾರಂಭಿಸಿದಂದಿನಿಂದ ಕೃಷಿಹೊಂಡವೆಂದರೇನೆಂಬುದು ರೈತರೆಲ್ಲರಿಗೂ ತಿಳಿದೇ ಇದೆ.

ಮೇಲ್ಭಾಗದಲ್ಲಿ ೧೨ ಮೀಟರು ಚೌಕ, ತಳದಲ್ಲಿ ೬ ಮೀಟರು ಚೌಕ, ಆಳ ೩ ಮೀಟರು ಇರುವ ಹೊಂಡವು ಸುಮಾರು ೨,೫೦,೦೦೦ ಲೀಟರು ಹಿಡಿಯುವುದು. ಬಿದ್ದ ಮಳೆಯಲ್ಲಿ ಹತ್ತರಲ್ಲೊಂದು ಪಾಲು ಹರಿದುಬಂದರೂ, ಎಕರೆಗೆ ಸುಮಾರು ೨,೦೦,೦೦೦ ಲೀಟರಾಗುವುದರಿಂದ, ಒಂದೂಕಾಲೆಕರೆಯ ಹರಿವು ಇದನ್ನು ತುಂಬಲು ಸಾಕು. ಲೆಕ್ಕವು ಇಷ್ಟಕ್ಕೇ ನಿಂತಿದ್ದರೆ ಕಷ್ಟವೇ ಇರುತ್ತಿರಲಿಲ್ಲ. ಆದರೆ ಸೂರ್ಯನೂ ಈ ಹೊಂಡದ ಪಾಲುದಾರನೆಂಬುದನ್ನು ಮರೆಯಬಾರದು. ದಿನಕ್ಕೆ ೫ ಮಿಲಿಮೀಟರಿನಂತೆ ಆವಿಯಾದರೂ ೧೮೦ ದಿನಗಳಲ್ಲಿ ೯೦ ಸೆಂಟಿಮೀಟರು ನೀರು ಹೋಗುವುದು. ಬೇಸಗೆಯಲ್ಲಿ ಇದಕ್ಕಿಂತಲೂ ಹೆಚ್ಚು. ಅಗಲವಾದ ಮೇಲ್ಭಾಗದ ೯೦ ಸೆಂಟಿಮೀಟರೆಂದರೆ ಸುಮಾರು ೧,೧೦,೦೦೦ ಲೀಟರು. ಎಂದರೆ ತುಂಬಿದ ಹೊಂಡದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟನ್ನು ಬಿಸಿಲೇ ಕುಡಿಯುವುದು. ತಳಕ್ಕೆ ಪ್ಲಾಸ್ಟಿಕ್ ಹಾಳೆಯನ್ನು ಹಾಸಿ ಜಿನುಗುವುದನ್ನು ತಡೆದಿದ್ದರೆ, ಉಳಿದ ೧,೪೦,೦೦೦ ಲೀಟರಿನಲ್ಲಿ ಮನೆಯ ಮತ್ತು ದನಗಳ ಖರ್ಚು ಕಳೆದು, ಕಾಯಿಪಲ್ಯದ ಮಡಿಗಳಿಗೂ ಸ್ವಲ್ಪ ಮಿಗುವುದು.

ಹೊಂಡವು ಅರ್ಧ ಮಾತ್ರ ತುಂಬಿದ ವರ್ಷದಲ್ಲಿ ಹೇಗೆ? ಆವಿಯಾದುದನ್ನು ಕಳೆದರೆ ಸುಮಾರು ೫೨,೦೦೦ ಲೀಟರು ಉಳಿಯುವುದು, ಬೇಕಾದುದು ೬೨,೦೦೦. ಬೇಸಗೆಯ ಕೊನೆಯ ಒಂದು ತಿಂಗಳಿಗೆ ನೀರಿಲ್ಲ. ಈ ಒಂದು ತಿಂಗಳೇ ಕುಟುಂಬವನ್ನು ಊರು ಬಿಡಿಸುವ ತಿಂಗಳು. ಇದನ್ನು ಮೊದಲೇ ಬಲ್ಲವನು ಹೊಂಡವನ್ನು ಅಗಲಮಾಡುವುದಕ್ಕೆ ಬದಲಾಗಿ ಆಳಮಾಡುವನು, ಮೇಲೆ ನೆರಳಿನ ಬಲೆಯನ್ನು ಕಟ್ಟುವನು, ಅಂಥ ವರ್ಷ ಕಾಯಿಪಲ್ಯವನ್ನು ಕೈಬಿಡುವನು. ತಿಳಿಯದವನು ಏಪ್ರಿಲ್ ತಿಂಗಳಿನಲ್ಲಿ ಟ್ಯಾಂಕರಿನವನ ಬಾಗಿಲಿಗೆ ಹೋಗುವನು.

ಹೊಂಡದ ವಿಷಯದಲ್ಲಿ ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಪ್ಲಾಸ್ಟಿಕ್ ಹಾಳೆಯ ಇಳಿಜಾರು ಜಾರಿಕೆಯಾದುದು. ಒಳಗೆ ಬಿದ್ದವರು, ಈಜು ಬಲ್ಲವರಾದರೂ, ಹಿಡಿತ ಸಿಕ್ಕದೆ ಮೇಲೆ ಬರಲಾರರು. ಕೃಷಿಹೊಂಡಗಳಲ್ಲಿ ಮಕ್ಕಳು ಮುಳುಗಿ ಸತ್ತ ದುರ್ಘಟನೆಗಳು ಈ ರಾಜ್ಯದಲ್ಲಿ ನಡೆದಿರುತ್ತವೆ. ಸುತ್ತಲೂ ಬೇಲಿ, ಬೇಲಿಗೆ ಬೀಗವುಳ್ಳ ಬಾಗಿಲು, ಒಳಕ್ಕೆ ಇಳಿಬಿಟ್ಟ ಗಂಟುಹಗ್ಗ, ಇವಿಷ್ಟೂ ಇಲ್ಲದೆ ಹೊಂಡಕ್ಕೆ ನೀರು ಬಿಡಕೂಡದು. ಚಿಕ್ಕ ಮಕ್ಕಳಿರುವ ಮನೆಗೆ ಇದು ಮೊದಲನೆಯ ಖರ್ಚೇ ಹೊರತು ಕೊನೆಯ ಖರ್ಚಲ್ಲ.

೩. ಒಲೆಯ ಲೆಕ್ಕ

ಹಸಿ ಸಗಣಿ ಒಂದು ಕಿಲೋಗ್ರಾಮಿಗೆ ಸುಮಾರು ೪೦ ಲೀಟರು ಗೋಬರ್ ಗ್ಯಾಸು ಉತ್ಪತ್ತಿಯಾಗುವುದು. ಕೊಟ್ಟಿಗೆಯಲ್ಲಿಯೇ ಕಟ್ಟಿ ಮೇಯಿಸುವ ಎರಡು ಹಸು ಒಂದು ಕರುವಿನಿಂದ ದಿನಕ್ಕೆ ಸುಮಾರು ೨೫ ಕಿಲೋಗ್ರಾಂ ಸಗಣಿ ದೊರೆತರೆ ಒಂದು ಘನಮೀಟರು ಗ್ಯಾಸಾಯಿತು. ಒಬ್ಬ ಮನುಷ್ಯನ ಅಡಿಗೆಗೆ ದಿನಕ್ಕೆ ಸುಮಾರು ಕಾಲು ಘನಮೀಟರು ಬೇಕಾಗುವುದರಿಂದ, ಇದು ನಾಲ್ಕು ಮಂದಿಗೆ ಸಾಕು, ಐದು ಮಂದಿಗೆ ಸ್ವಲ್ಪ ಕೊರತೆ. ಒಂದು ಘನಮೀಟರು ಗೋಬರ್ ಗ್ಯಾಸು ೦.೪೩ ಕಿಲೋಗ್ರಾಂ ಸಿಲಿಂಡರ್ ಗ್ಯಾಸಿಗೆ ಸಮಾನ. ತಿಂಗಳಿಗೆ ಸುಮಾರು ೧೩ ಕಿಲೋಗ್ರಾಂ, ಎಂದರೆ ೧೪.೨ ಕಿಲೋಗ್ರಾಮಿನ ಒಂದು ಸಿಲಿಂಡರಿಗೆ ಸಮೀಪ.

ಇಲ್ಲಿಯೂ ಮರೆಯತಕ್ಕದ್ದಲ್ಲದ ಅಂಶಗಳುಂಟು. ಸಗಣಿಗೆ ಸಮಪ್ರಮಾಣದ ನೀರನ್ನು ಬೆರಸಬೇಕು. ದಿನಕ್ಕೆ ೨೫ ಲೀಟರು. ಅಕ್ಕಿ, ಬೇಳೆ, ತರಕಾರಿಗಳನ್ನು ತೊಳೆದ ನೀರನ್ನೂ ಕೊಟ್ಟಿಗೆ ತೊಳೆದ ನೀರನ್ನೂ ಇದಕ್ಕೆ ಉಪಯೋಗಿಸಿದರೆ ಹೊಸ ನೀರು ಬೇಡ. ಸಾಬೂನಿನ ನೀರು ಮಾತ್ರ ಸೇರಕೂಡದು, ಅದು ಗ್ಯಾಸನ್ನು ಉತ್ಪತ್ತಿಮಾಡುವ ಸೂಕ್ಷ್ಮಜೀವಿಗಳನ್ನು ಕೊಲ್ಲುವುದು. ದನಗಳನ್ನು ದಿನವೆಲ್ಲಾ ಬಯಲಿಗೆ ಹೊಡೆದರೆ ಸಗಣಿ ಅರ್ಧವಾಗುವುದು. ಹಸುವನ್ನು ಮಾರಿದ ದಿನವೇ ಒಲೆಯೂ ಕುಗ್ಗುವುದು. ಚಳಿಗಾಲದಲ್ಲಿ ಗ್ಯಾಸು ಕಡಿಮೆ ಬರುವುದು. ಆದಕಾರಣ ಸ್ನಾನದ ನೀರಿಗೂ ಹಬ್ಬಹುಣ್ಣಿಮೆಗಳ ಅಡಿಗೆಗೂ ಸೌದೆಯ ಒಲೆಯೊಂದು ಇದ್ದೇ ಇರಬೇಕು. ಬೆಂಗಳೂರಿನ ಇಂಡಿಯನ್ ಇನ್ಸ್ಟಿಟ್ಯೂಟ್ ಆಫ್ ಸೈನ್ಸಿನಲ್ಲಿ ಗ್ರಾಮಗಳ ಉಪಯೋಗಕ್ಕಾಗಿ ೧೯೭೪ ರಲ್ಲಿ ಸ್ಥಾಪಿತವಾದ ಅಸ್ತ್ರ ಶಾಖೆಯವರು ರೂಪಿಸಿದ ಹೊಗೆಕೊಳವೆಯುಳ್ಳ "ಅಸ್ತ್ರ ಒಲೆ"ಯು ಸೌದೆಯನ್ನು ಉಳಿಸುವುದಲ್ಲದೆ, ಹೆಂಗಸರ ಕಣ್ಣಿಗೂ ಎದೆಗೂ ಹೊಗೆ ತಾಕದಂತೆ ಮಾಡುವುದು. ಬದುಗಳ ಮೇಲೆ ಹೊಂಗೆ, ಗ್ಲಿರಿಸಿಡಿಯಾ ಗಿಡಗಳನ್ನು ಈ ವರ್ಷವೇ ನೆಟ್ಟರೆ ಮುಂದೆ ಸೌದೆಗೂ ಹಸಿರುಗೊಬ್ಬರಕ್ಕೂ ಆಯಿತು.

ಗ್ಯಾಸು ಹೋದ ಮೇಲೆ ಹೊರಬರುವ ಬಗ್ಗಡದಲ್ಲಿ ಸಾರಜನಕಾಂಶವು ಉಳಿದೇ ಇರುವುದು. ಬೆರಣಿ ತಟ್ಟಿ ಸುಟ್ಟರೆ ಒಲೆಯುಂಟು, ಗೊಬ್ಬರವಿಲ್ಲ. ಗುಂಡಿಗೆ ಹಾಕಿದರೆ ಗೊಬ್ಬರವುಂಟು, ಒಲೆಯಿಲ್ಲ. ಗೋಬರ್ ಗ್ಯಾಸಿನಲ್ಲಿ ಎರಡೂ ಉಂಟು. ಹೊಲದ ದೃಷ್ಟಿಯಿಂದ ಇದೇ ದೊಡ್ಡ ಲಾಭ.

೪. ಬೆಳಕಿನ ಲೆಕ್ಕ

ಬಿಸಿಲಿನಿಂದ ವಿದ್ಯುತ್ತನ್ನು ಪಡೆಯುವವರು ಮೊದಲು ಕಾಗದದ ಮೇಲೆ ಒಂದು ಪಟ್ಟಿಯನ್ನು ಬರೆಯತಕ್ಕದ್ದು. ನಮ್ಮ ಕುಟುಂಬಕ್ಕೆ:

ಎಲ್‌ಇಡಿ ದೀಪ ಆರು, ೯ ವಾಟು, ೫ ಗಂಟೆ — ೨೭೦ ವಾಟು-ಗಂಟೆ
ಮಿತವ್ಯಯದ (ಬಿಎಲ್‌ಡಿಸಿ) ಫ್ಯಾನು ಎರಡು, ೨೮ ವಾಟು, ೧೦ ಗಂಟೆ — ೫೬೦
ಟೆಲಿವಿಷನ್ ಒಂದು, ೫೦ ವಾಟು, ೩ ಗಂಟೆ — ೧೫೦
ಮಿಕ್ಸಿ, ೫೦೦ ವಾಟು, ೧೦ ನಿಮಿಷ — ಸುಮಾರು ೮೦
ಮೊಬೈಲ್ ಫೋನುಗಳು — ಸುಮಾರು ೪೦
ಒಟ್ಟು — ೧,೧೦೦ ವಾಟು-ಗಂಟೆ, ಎಂದರೆ ೧.೧ ಯೂನಿಟ್ಟು

ಈ ಪಟ್ಟಿಯಲ್ಲಿ ಫ್ಯಾನಿನ ಸಾಲನ್ನು ಗಮನಿಸಬೇಕು. ಸಾಧಾರಣವಾದ ೭೫ ವಾಟಿನ ಫ್ಯಾನುಗಳನ್ನು ಹಾಕಿದ್ದರೆ ಆ ಒಂದು ಸಾಲೇ ೧,೫೦೦ ಆಗುತ್ತಿತ್ತು, ಮನೆಯ ಒಟ್ಟು ಖರ್ಚು ೨ ಯೂನಿಟ್ಟನ್ನು ಮೀರುತ್ತಿತ್ತು. ಎರಡು ಫ್ಯಾನುಗಳಿಗೆ ಸ್ವಲ್ಪ ಹೆಚ್ಚು ಬೆಲೆ ಕೊಡುವುದರಿಂದ ಫಲಕ, ಬ್ಯಾಟರಿಗಳ ಖರ್ಚು ಅರ್ಧದಷ್ಟು ಇಳಿಯುವುದು. ಹಾಗೆಯೇ ಶಾಖವನ್ನುಂಟುಮಾಡುವ ಯಾವ ಯಂತ್ರವನ್ನೂ ಬ್ಯಾಟರಿಗೆ ಜೋಡಿಸಕೂಡದು. ೨,೦೦೦ ವಾಟಿನ ನೀರುಕಾಯಿಸುವ ಯಂತ್ರವು ಅರ್ಧಗಂಟೆಯಲ್ಲಿ ಒಂದು ಯೂನಿಟ್ಟನ್ನು ನುಂಗುವುದು, ಎಂದರೆ ಇಡೀ ಮನೆಯ ದಿನದ ಖರ್ಚು. ಅದರ ಕೆಲಸವನ್ನು ಅಸ್ತ್ರ ಒಲೆಯೋ ಬಿಸಿಲಿನಿಂದ ನೀರು ಕಾಯಿಸುವ ಸಲಕರಣೆಯೋ ಮಾಡಲಿ.

ಒಂದು ಕಿಲೋವಾಟು ಫಲಕವು ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು ೪ ಯೂನಿಟ್ಟು ಕೊಡುವುದು. ಮೋಡದ ದಿನಗಳಲ್ಲಿ ೨ ಎಂದು ಹಿಡಿಯೋಣ. ಬ್ಯಾಟರಿ ಮುಂತಾದವುಗಳಲ್ಲಿ ಆಗುವ ನಷ್ಟವನ್ನು ಸೇರಿಸಿದರೆ ೧.೪ ಯೂನಿಟ್ಟು ಉತ್ಪತ್ತಿಯಾಗಬೇಕು. ಅದಕ್ಕೆ ೭೦೦ ವಾಟಿನ ಫಲಕ ಬೇಕು. ಸೂರ್ಯನೇ ಕಾಣದ ಎರಡು ದಿನಗಳಿಗೆ ೨.೨ ಯೂನಿಟ್ಟು ಸಂಗ್ರಹವಿರಬೇಕು. ೧೨ ವೋಲ್ಟಿನ ೧೫೦ ಆಂಪಿಯರ್-ಗಂಟೆಯ ಸೀಸದ ಬ್ಯಾಟರಿಯು ೧.೮ ಯೂನಿಟ್ಟು ಹಿಡಿಯುವುದಾದರೂ, ಅರ್ಧಕ್ಕಿಂತ ಹೆಚ್ಚಾಗಿ ಬರಿದುಮಾಡಿದರೆ ಅದರ ಆಯಸ್ಸು ಬೇಗ ಕುಗ್ಗುವುದು; ಉಪಯೋಗಿಸತಕ್ಕದ್ದು ೦.೯ ಮಾತ್ರ. ಆದುದರಿಂದ ಇಂಥವು ಮೂರು ಬೇಕು. ಲಿಥಿಯಂ ಬ್ಯಾಟರಿಯ ಬೆಲೆ ಹೆಚ್ಚಾದರೂ ಬಾಳಿಕೆಯೂ ಹೆಚ್ಚು, ಬರಿದುಮಾಡಬಹುದಾದ ಅಂಶವೂ ಹೆಚ್ಚು. ಯಾವುದೇ ಆಗಲಿ, ಫಲಕವು ಬಾಳುವಷ್ಟು ಕಾಲ ಬ್ಯಾಟರಿಯು ಬಾಳುವುದಿಲ್ಲ. ಹೊಸ ಬ್ಯಾಟರಿಗಾಗಿ ಪ್ರತಿ ಸುಗ್ಗಿಯಲ್ಲಿಯೂ ಸ್ವಲ್ಪ ಹಣವನ್ನು ತೆಗೆದಿಡದವನು ನಾಲ್ಕೈದು ವರ್ಷಗಳಲ್ಲಿ ಕತ್ತಲೆಯಲ್ಲಿ ಕುಳಿತಿರುವನು.

ಫಲಕಗಳನ್ನು ದಕ್ಷಿಣಾಭಿಮುಖವಾಗಿ, ಸುಮಾರು ೧೪ ಡಿಗ್ರಿ ಓರೆಯಾಗಿ, ಯಾವ ಮರದ ನೆರಳೂ ಬೀಳದಂತೆ ನಿಲ್ಲಿಸಿ, ಧೂಳನ್ನು ಆಗಾಗ್ಗೆ ಒರಸತಕ್ಕದ್ದು. ಬಯಲಿನ ಒಂಟಿಮನೆಗೆ ಸಿಡಿಲಿನ ಭಯ ಹೆಚ್ಚಾದುದರಿಂದ ಸಿಡಿಲುಕಂಬವೂ ಭೂಮಿಗೆ ಜೋಡಿಸುವ ತಂತಿಯೂ ಅವಶ್ಯಕ.

ವಿದ್ಯುತ್ತಿನ ಕಂಬವು ಹೊಲದ ಮಗ್ಗುಲಲ್ಲಿಯೇ ಇದ್ದರೆ ಏನು ಮಾಡಬೇಕೆಂದು ಕೆಲವರು ಕೇಳುವುದುಂಟು. ಧಾರಾಳವಾಗಿ ಸಂಪರ್ಕವನ್ನು ಪಡೆಯಬಹುದು. ತಂತಿಯಿಲ್ಲದಿರುವುದು ಒಂದು ವ್ರತವಲ್ಲ. ಖರ್ಚನ್ನು ತಗ್ಗಿಸುವ ಲೆಕ್ಕವು ಎರಡು ಕಡೆಯೂ ಒಂದೇ.

೫. ಗೋಡೆಯ ಲೆಕ್ಕ

ಹೊಂಡದಿಂದ ಹೊರಬರುವ ಮಣ್ಣು ೨೫೦ ಘನಮೀಟರು. ನಾವು ಹೇಳಿದ ಮನೆಯ ಗೋಡೆಗಳಿಗೆ ಬೇಕಾದುದು ಸುಮಾರು ೩೦ ಘನಮೀಟರು. ಹೀಗಿರುವಲ್ಲಿ ಹೊಲದ ಮಣ್ಣನ್ನು ಬಿಟ್ಟು, ದೂರದ ಗೂಡಿನಲ್ಲಿ ಸೌದೆ ಸುಟ್ಟು ಬೇಯಿಸಿದ ಇಟ್ಟಿಗೆಯನ್ನು ತರುವುದೇಕೆ? ಮೇಲಿನ ಒಂದಡಿ ಮಣ್ಣು ಬೆಳೆಯ ಮಣ್ಣು. ಅದನ್ನು ಬೇರೆ ತೆಗೆದಿಟ್ಟು ಹೊಲಕ್ಕೇ ಹರಡತಕ್ಕದ್ದು. ಅದರ ಕೆಳಗಿನ ಮರಳುಮಿಶ್ರವಾದ ಕೆಂಪುಮಣ್ಣಿಗೆ ನೂರಕ್ಕೆ ಏಳು ಪಾಲಿನಷ್ಟು ಸಿಮೆಂಟನ್ನು ಬೆರಸಿ, ಕೈಯಂತ್ರದಲ್ಲಿ ಒತ್ತಿದರೆ ಗಟ್ಟಿಯಾದ ಇಟ್ಟಿಗೆಗಳಾಗುವುವು. ಅಸ್ತ್ರ ಶಾಖೆಯವರ ಪ್ರಯತ್ನದಿಂದ ಇಂಥ ಇಟ್ಟಿಗೆಗಳಿಂದ ಕಟ್ಟಿದ ಮನೆಗಳು ನಮ್ಮ ರಾಜ್ಯದಲ್ಲಿ ಸಾವಿರಾರು ಇವೆ. ಒಂದು ಚೀಲ ಸಿಮೆಂಟಿಗೆ ಸುಮಾರು ೮೦ ಇಟ್ಟಿಗೆಗಳಂತೆ, ೬,೦೦೦ ಇಟ್ಟಿಗೆಗಳಿಗೆ ೭೫ ಚೀಲಗಳಾಗುವುವು.

ಮಣ್ಣಿನ ಪರೀಕ್ಷೆ ಸುಲಭ. ಅಗಲಬಾಯಿಯ ಸೀಸೆಯಲ್ಲಿ ಮೂರನೆಯ ಒಂದು ಪಾಲು ಮಣ್ಣು, ಚಿಟಿಕೆ ಉಪ್ಪು, ಉಳಿದುದು ನೀರು ಹಾಕಿ, ಚೆನ್ನಾಗಿ ಕುಲುಕಿ ಒಂದು ದಿನ ಅಲುಗಿಸದೆ ಇಡತಕ್ಕದ್ದು. ತಳದಲ್ಲಿ ಮರಳು, ನಡುವೆ ನಯವಾದ ಮಣ್ಣು, ಮೇಲೆ ಜೇಡಿ ಪದರಪದರವಾಗಿ ನಿಲ್ಲುವುವು. ಮರಳು ಮೂರರಲ್ಲಿ ಎರಡು ಪಾಲಿಗೆ ಕಡಿಮೆಯಿಲ್ಲದೆ, ಜೇಡಿ ನೂರಕ್ಕೆ ಹತ್ತು ಹದಿನೈದು ಪಾಲಿನಷ್ಟಿದ್ದರೆ ಮಣ್ಣು ಯೋಗ್ಯ. ಜೇಡಿ ಹೆಚ್ಚಾಗಿದ್ದರೆ ಮರಳನ್ನು ಸೇರಿಸಬೇಕು. ಎರೆಮಣ್ಣು ಒದ್ದೆಯಾದಾಗ ಉಬ್ಬಿ, ಒಣಗಿದಾಗ ಬಿರಿಯುವುದರಿಂದ ಅದು ಹಾಗೆಯೇ ಇಟ್ಟಿಗೆಗೂ ಒದಗದು, ಅಸ್ತಿಭಾರಕ್ಕೂ ಒದಗದು.

ಒತ್ತಿದ ಇಟ್ಟಿಗೆಗಳನ್ನು ಗೋಣಿತಾಟಿನಿಂದ ಮುಚ್ಚಿ ಮೂರು ವಾರಗಳ ಕಾಲ ನೀರು ಚಿಮುಕಿಸಬೇಕು. ಈ ಕೆಲಸದಲ್ಲಿ ಅವಸರ ಮಾಡಿದವರ ಗೋಡೆಗಳು ಮೊದಲ ಮಳೆಗೇ ಸವೆಯುವುವು. ಪೀಠವು ನೆಲದಿಂದ ಒಂದೂವರೆ ಅಡಿ ಎತ್ತರವಾಗಿಯೂ ಚಾವಣಿಯ ಅಂಚು ಎರಡಡಿಗೆ ಕಡಿಮೆಯಿಲ್ಲದೆ ಮುಂಚಾಚಿಯೂ ಇದ್ದರೆ ಮಣ್ಣಿನ ಗೋಡೆಗೆ ಭಯವಿಲ್ಲ. ಮನೆಯ ಉದ್ದನೆಯ ಗೋಡೆಗಳು ಉತ್ತರ ದಕ್ಷಿಣಗಳನ್ನು ನೋಡುತ್ತಿರಲಿ. ಪಡುವಣ ದಿಕ್ಕಿಗೆ ಕಿಟಕಿಗಳು ಕಡಿಮೆಯಿರಲಿ, ಬೇವು ಹೊಂಗೆಗಳು ನೆರಳುಕೊಡಲಿ. ಹೀಗೆ ತಂಪಾದ ಮನೆಗೆ ಫ್ಯಾನಿನ ಗಂಟೆಗಳೂ ಕಡಿಮೆಯಾಗುವುವು.

ಶೌಚಗೃಹಕ್ಕೆ ಎರಡು ಗುಂಡಿಗಳಿರಬೇಕು. ಒಂದು ತುಂಬಿದ ಮೇಲೆ ಅದನ್ನು ಮುಚ್ಚಿ, ಎರಡು ವರ್ಷ ಬಿಟ್ಟು ತೆಗೆದರೆ ವಾಸನೆಯಿಲ್ಲದ ಗೊಬ್ಬರವಾಗಿರುವುದು. ಬಾವಿಗೂ ನೀರಿನ ತೊಟ್ಟಿಗೂ ಈ ಗುಂಡಿಗಳು ೫೦ ಅಡಿಗೆ ಕಡಿಮೆಯಿಲ್ಲದ ದೂರದಲ್ಲಿರಬೇಕು. ಬಚ್ಚಲ ನೀರು ಬಾಳೆಯ ಪಾತಿಗೆ ಹೋಗಲಿ.

೬. ಕೆಲಸದ ಕ್ರಮ

ಮೊದಲನೆಯ ವರ್ಷ ಊರಿನಲ್ಲಿಯೇ ವಾಸಮಾಡಿಕೊಂಡು, ಹೊಲದಲ್ಲಿ ಮಳೆಯ ಅಳತೆಯನ್ನು ಬರೆದಿಟ್ಟುಕೊಳ್ಳುತ್ತಾ, ನೀರು ಎಲ್ಲಿಂದ ಎಲ್ಲಿಗೆ ಹರಿಯುವುದೆಂದು ನೋಡತಕ್ಕದ್ದು. ಬಾವಿಯ ನೀರನ್ನು ಪರೀಕ್ಷೆ ಮಾಡಿಸತಕ್ಕದ್ದು. ಪಹಣಿ, ಖಾತೆ, ದಾರಿಯ ಹಕ್ಕು ಇವುಗಳನ್ನು ಸರಿಪಡಿಸಿಕೊಂಡು, ವ್ಯವಸಾಯದ ಭೂಮಿಯಲ್ಲಿ ಮನೆ ಕಟ್ಟುವ ವಿಷಯವಾಗಿ ತಾಲ್ಲೂಕು ಕಛೇರಿಯಲ್ಲಿ ವಿಚಾರಿಸಿಕೊಳ್ಳತಕ್ಕದ್ದು. ಎರಡನೆಯ ವರ್ಷದ ಬೇಸಗೆಯಲ್ಲಿ ಹೊಂಡ ಮತ್ತು ಬೇಲಿ. ಮುಂಗಾರು ಹಿಂಗಾರುಗಳಲ್ಲಿ ಹೊಂಡವು ತುಂಬುವುದು; ಕಟ್ಟಡಕ್ಕೆ ಬೇಕಾದ ನೀರೂ ಮಣ್ಣೂ ಸ್ಥಳದಲ್ಲಿಯೇ ಸಿದ್ಧವಾಗುವುವು. ಹಿಂಗಾರು ಮುಗಿದೊಡನೆ ಇಟ್ಟಿಗೆ, ಸಂಕ್ರಾಂತಿಯ ಮೇಲೆ ಗೋಡೆ, ಯುಗಾದಿಯ ಹೊತ್ತಿಗೆ ಚಾವಣಿ ಮತ್ತು ತೊಟ್ಟಿ. ಆ ವರ್ಷದ ಮೊದಲ ಮಳೆಯು ಚಾವಣಿಯಿಂದ ತೊಟ್ಟಿಗೆ ಇಳಿದ ಮೇಲೆ ಗೃಹಪ್ರವೇಶ. ಇದು ನಿಧಾನವಾದ ದಾರಿಯೇ. ಆದರೆ ಎರಡು ವರ್ಷ ಕಾಯಲಾರದವನು ಇಪ್ಪತ್ತು ವರ್ಷ ಹೊಲದಲ್ಲಿ ಬಾಳಲಾರನು. ಕೈಯಲ್ಲಿರುವ ಹಣದಲ್ಲಿ ನಾಲ್ಕನೆಯ ಒಂದು ಪಾಲನ್ನು ಕೊನೆಯವರೆಗೂ ಮುಟ್ಟದೆ ಇಟ್ಟಿರುವುದು ಒಳ್ಳೆಯದು.

೭. ಮನುಷ್ಯರ ಲೆಕ್ಕ

ನೀರು, ಸಗಣಿ, ಬಿಸಿಲು ಇವುಗಳ ಲೆಕ್ಕವು ಸರಿಹೋದರೂ, ಮನೆಯ ಕೆಲಸವನ್ನು ಮಾಡುವವರ ಲೆಕ್ಕವು ತಪ್ಪಿದರೆ ಎಲ್ಲವೂ ವ್ಯರ್ಥ. ದಿನವೂ ಸಗಣಿ ಕಲಸುವವರಾರು? ಶೋಧಕದ ಮರಳನ್ನು ತೊಳೆಯುವವರಾರು? ಗಂಡನು ನಕ್ಷೆ ಬರೆಯುವನು, ಹೆಂಡತಿಯು ಕೊಡ ಹೊರುವಳು ಎಂಬಂತಾದರೆ ಆ ಮನೆಯು ನಿಲ್ಲುವುದಿಲ್ಲ. ತೊಟ್ಟಿಯಿಂದ ಅಡಿಗೆಮನೆಗೆ ಎಷ್ಟು ಹೆಜ್ಜೆ, ಕೊಟ್ಟಿಗೆಯಿಂದ ಗ್ಯಾಸಿನ ಗುಂಡಿಗೆ ಎಷ್ಟು ಹೆಜ್ಜೆ ಎಂಬುದನ್ನು ಗೃಹಿಣಿಯೇ ನಿರ್ಧರಿಸಬೇಕು. ಆಕೆಯನ್ನು ಕೇಳದೆ ಗುದ್ದಲಿ ಹಾಕಕೂಡದು.

ಮಕ್ಕಳಿಗೆ ಶಾಲೆ ಎಷ್ಟು ದೂರ? ಮುಂಗಾರಿನ ಕೆಸರಿನಲ್ಲಿಯೂ ೧೦೮ ರ ಆಂಬ್ಯುಲೆನ್ಸು ಮನೆಯ ಬಾಗಿಲಿಗೆ ಬರುವಂಥ ದಾರಿಯುಂಟೆ? ಹೊಲಮನೆಯಲ್ಲಿ ಹಾವು ಕಚ್ಚುವ ಭಯವು ಊರಿಗಿಂತ ಹೆಚ್ಚು. ಕಚ್ಚಿದರೆ ಮಂತ್ರ, ನಾಟಿಮದ್ದುಗಳಲ್ಲಿ ಹೊತ್ತು ಕಳೆಯದೆ, ವಿಷನಿವಾರಕ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಕೂಡಲೆ ಕರೆದೊಯ್ಯಬೇಕು.

ಗ್ರಾಮದ ಮುಖಂಡರಲ್ಲಿಯೂ ಜಮೀನುದಾರರಲ್ಲಿಯೂ ನಮ್ಮ ವಿಜ್ಞಾಪನೆಯು ಇಷ್ಟೆ. ಹೊಲಕ್ಕೆ ಮರಳಿದ ತರುಣರನ್ನು ಕಂಡು ನಗತಕ್ಕದ್ದಲ್ಲ. ಅವರ ಉತ್ಸಾಹವನ್ನು ಹೊಗಳಿ ಸುಮ್ಮನಿರತಕ್ಕದ್ದೂ ಅಲ್ಲ. ನಿಮ್ಮ ಬದುವಿನ ಮೇಲೆ ಅವರಿಗೆ ಬಂಡಿದಾರಿಯನ್ನು ಬಿಟ್ಟುಕೊಡಿ. ಕಳೆದ ಮೂವತ್ತು ವರ್ಷಗಳಲ್ಲಿ ಯಾವ ವರ್ಷ ಕೆರೆ ತುಂಬಲಿಲ್ಲ, ಯಾವ ಬಾವಿ ಮೊದಲು ಬತ್ತಿತು, ಯಾವ ಹಳ್ಳ ಎಲ್ಲಿಯವರೆಗೆ ಉಕ್ಕಿತು ಎಂಬುದನ್ನು ಹೇಳಿ. ಈ ವಿಷಯಗಳು ಯಾವ ಪುಸ್ತಕದಲ್ಲಿಯೂ ದೊರೆಯುವುದಿಲ್ಲ, ನಿಮ್ಮಲ್ಲಿ ಮಾತ್ರ ಇರುತ್ತವೆ. ಮನೆಯ ನಕ್ಷೆಯನ್ನು ತೋರಿಸಲು ಅವರು ಬಂದಾಗ, "ಮಳೆ ಅರ್ಧವಾದ ವರ್ಷ ಮೇ ತಿಂಗಳಿನಲ್ಲಿ ದನಕ್ಕೆ ನೀರೆಲ್ಲಿ?" ಎಂಬ ಒಂದು ಪ್ರಶ್ನೆಯನ್ನು ಕೇಳಿ. ಉತ್ತರವಿದ್ದರೆ ಗುದ್ದಲಿಪೂಜೆಗೆ ಹೋಗಿ ಹರಸಿ. ಇಲ್ಲದಿದ್ದರೆ ಇನ್ನೊಂದು ವರ್ಷ ಕಾಯುವಂತೆ ಹೇಳಿ.

ಕೃಷಿಹೊಂಡದ ವಿಷಯದಲ್ಲಿ ಹೆಚ್ಚಿನ ವಿವರಗಳು ಬೇಕಾದವರು ತಮ್ಮ ಹೋಬಳಿಯ ರೈತಸಂಪರ್ಕಕೇಂದ್ರದಲ್ಲಿ ವಿಚಾರಿಸಬಹುದು.